ಊಟ ಆಯಿತೇ ಎಂದು ಕೇಳುವ ಜೀವಕೋಶ

(ಹೆಮ್ಮಾಡಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)



ಈ ಸಭೆಗೆ ಹೊರಡುವ ಮೊದಲು ನಿಮ್ಮಲ್ಲಿ ಹಲವರು ಒಂದೋ ಎರಡೋ ಗುಳಿಗೆ ನುಂಗಿ ಬಂದಿದ್ದೀರಿ. ಒಂದು ಬಿಪಿಗೆ, ಇನ್ನೊಂದು ಶುಗರಿಗೆ. ಬಿಪಿಯ ಗುಳಿಗೆ ಆಮ್ಲೋಡಿಪಿನ್ ಆಗಿದ್ದರೆ ಅದು ಈ ಹೊತ್ತಿನಲ್ಲಿ ನಿಮ್ಮ ರಕ್ತನಾಳದ ಗೋಡೆಯ ಕ್ಯಾಲ್ಸಿಯಂ ಚಾನೆಲುಗಳನ್ನು ಮುಚ್ಚುತ್ತಿದೆ. ಶುಗರಿನದು ಗ್ಲಿಮೆಪಿರೈಡ್ ಆಗಿದ್ದರೆ ಅದು ಮೇದೋಜೀರಕ ಗ್ರಂಥಿಯ ಒಳಗೆ ಕ್ಯಾಲ್ಸಿಯಂ ಚಾನೆಲುಗಳು ತೆರೆಯುವಂತೆ ಮಾಡುತ್ತಿದೆ. ಎರಡೂ ಒಂದೇ ಮನೆತನದ ಚಾನೆಲುಗಳು. ಒಂದು ಕಡೆ ಮುಚ್ಚಿದರೆ ಒಳ್ಳೆಯದು, ಇನ್ನೊಂದು ಕಡೆ ತೆರೆದರೆ ಒಳ್ಳೆಯದು. ದಿನವೂ ನಮ್ಮ ಮನೆಮನೆಯಲ್ಲಿ ನಡೆಯುವ ಈ ಕೆಲಸದ ಬಗ್ಗೆ ನಮ್ಮ ಭಾಷೆಯಲ್ಲಿ, ನಮ್ಮ ಊರಿನಲ್ಲಿ ಒಮ್ಮೆಯಾದರೂ ಬಿಡಿಸಿ ಮಾತಾಡಬೇಕೆಂಬುದು ನನ್ನ ಬಹುದಿನದ ಆಸೆ. ಇಲ್ಲಿಂದ ಹೆಚ್ಚು ದೂರವಿಲ್ಲದ ಕೋಟದ ಶಿವರಾಮ ಕಾರಂತರು ಒಬ್ಬರೇ ಕೂತು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಕನ್ನಡಕ್ಕೆ ಕೊಟ್ಟವರು. ಆ ನೆಲದಲ್ಲಿ ನಿಂತು, ವಿಷಯ ಕಷ್ಟದ್ದು ಎಂದು ಹಿಂಜರಿಯಲು ನಮಗೆ ಕಾರಣವಿಲ್ಲ.

2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿ ದಾಟಿದ್ದಾರೆ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿಗಿಂತ ಹೆಚ್ಚು. ಇಷ್ಟು ಜನರ ದಿನಚರಿಗೆ ಸೇರಿದ ವಿಷಯ ವೈದ್ಯಕೀಯ ಕಾಲೇಜಿನ ಗೋಡೆಯೊಳಗೇ ಉಳಿಯುವುದು ಸರಿಯಲ್ಲ.

ಕ್ಯಾಲ್ಸಿಯಂ ನಮಗೆ ಹೊಸ ವಸ್ತುವೇನೂ ಅಲ್ಲ. ಪಂಚಗಂಗಾವಳಿಯಲ್ಲಿ ಹೆಕ್ಕುವ ಚಿಪ್ಪಿನಲ್ಲಿ ಇರುವುದು ಅದೇ. ಆ ಚಿಪ್ಪು ಸುಟ್ಟ ಸುಣ್ಣದಲ್ಲಿ, ಅಂದರೆ ಎಲೆಅಡಿಕೆಗೆ ಹಚ್ಚುವುದರಲ್ಲಿ ಇರುವುದೂ ಅದೇ. ದೊಡ್ಡವರ ಮೈಯಲ್ಲಿ ಸುಮಾರು ಒಂದು ಕಿಲೋದಷ್ಟು ಕ್ಯಾಲ್ಸಿಯಂ ಇರುತ್ತದೆ, ಅದರಲ್ಲಿ ನೂರಕ್ಕೆ 99 ಪಾಲು ಮೂಳೆ ಮತ್ತು ಹಲ್ಲಿನಲ್ಲಿ. ಉಳಿದ ಒಂದು ಪಾಲಿನ ಕಥೆ ನಾನು ಇವತ್ತು ಹೇಳುವುದು. ಎದೆ ಬಡಿಯುವುದು, ಕೈ ಎತ್ತುವುದು, ತಾಯಿಯ ಎದೆಹಾಲು ಇಳಿಯುವುದು, ಉಂಡ ಅನ್ನದ ಸಕ್ಕರೆ ರಕ್ತದಿಂದ ಮೈಗೆ ಸೇರುವುದು ಎಲ್ಲವೂ ಆ ಒಂದು ಪಾಲನ್ನು ನಂಬಿಕೊಂಡಿವೆ.

ಇದು ಹೇಗೆಂದು ತಿಳಿಯಲು ನಮ್ಮ ಹೊಳೆಗಳ ಕಿಂಡಿ ಅಣೆಕಟ್ಟನ್ನು ಒಮ್ಮೆ ನೆನಪಿಸಿಕೊಳ್ಳಿ. ಉಬ್ಬರದ ಹೊತ್ತಿಗೆ ಉಪ್ಪುನೀರು ಹೊಳೆ ಹತ್ತಿ ಗದ್ದೆ, ಬಾವಿಯವರೆಗೆ ಬರುತ್ತದೆ. ಮಳೆ ನಿಂತ ಮೇಲೆ ನಾವು ಕಿಂಡಿಗಳಿಗೆ ಹಲಗೆ ಇಳಿಸುತ್ತೇವೆ. ಹಲಗೆಯ ಆಚೆ ಉಪ್ಪು, ಈಚೆ ಸಿಹಿ. ಜೀವಕೋಶದ ಪೊರೆಯೂ ಹಾಗೆ ಕಾವಲು ನಿಂತಿದೆ. ಹೊರಗಿನ ದ್ರವದಲ್ಲಿ ಕ್ಯಾಲ್ಸಿಯಂ ಎಷ್ಟಿದೆಯೋ ಒಳಗೆ ಅದರ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ಇರುತ್ತದೆ. ಒಳಗೆ ನುಸುಳಿದ್ದನ್ನು ಹೊರದೂಡಲು ಪೊರೆಯಲ್ಲಿ ಪಂಪುಗಳು ಹಗಲುರಾತ್ರಿ ಶಕ್ತಿ ಖರ್ಚು ಮಾಡುತ್ತಿವೆ. ಕ್ಯಾಲ್ಸಿಯಂ ಒಳಗೆ ತುಂಬಿಕೊಂಡೇ ಉಳಿದರೆ ಕೋಶ ಸಾಯುತ್ತದೆ. ಆದರೆ ಒಳಗೆ ಇಷ್ಟು ಕಡಿಮೆ ಇಟ್ಟುಕೊಂಡಿರುವುದರಿಂದಲೇ ಒಂದು ಅನುಕೂಲವೂ ಇದೆ: ಒಂದು ಕಿಂಡಿ ಸೆಕೆಂಡಿನ ಸಾವಿರದ ಒಂದು ಪಾಲು ತೆರೆದರೂ ಕೋಶಕ್ಕೆ ತಕ್ಷಣ ಗೊತ್ತಾಗುತ್ತದೆ. ಕ್ಯಾಲ್ಸಿಯಂ ಬಂದಿತೆಂದರೆ ಕೆಲಸ ಶುರು ಎಂದು ಅರ್ಥ. ಈ ಕಿಂಡಿಯನ್ನೇ ಕ್ಯಾಲ್ಸಿಯಂ ಚಾನೆಲ್ ಎನ್ನುತ್ತೇವೆ. ಇನ್ನು ಮುಂದೆ ನಾನು ಕಿಂಡಿ ಎಂದೇ ಹೇಳುತ್ತೇನೆ.

ಇದು ಪೊರೆಯನ್ನು ತೂರಿ ನಿಂತ ಒಂದು ದೊಡ್ಡ ಪ್ರೋಟೀನು. ಅದಕ್ಕೆ ವಿದ್ಯುತ್ತಿನ ಒತ್ತಡ ಗೊತ್ತಾಗುತ್ತದೆ. ವಿಶ್ರಾಂತಿಯಲ್ಲಿರುವ ಕೋಶದ ಒಳಭಾಗ ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟ್ ಋಣವಾಗಿರುತ್ತದೆ. ಆಗ ಕಿಂಡಿ ಮುಚ್ಚಿರುತ್ತದೆ. ಆ ಋಣ ಕಡಿಮೆಯಾದರೆ ಪ್ರೋಟೀನಿನೊಳಗಿನ ಧನ ವಿದ್ಯುದಂಶದ ಭಾಗ ಸರಿದು ಕಿಂಡಿ ತೆರೆಯುತ್ತದೆ. ಹೊರಗೆ ಸೋಡಿಯಂ ಕ್ಯಾಲ್ಸಿಯಂಗಿಂತ ನೂರು ಪಟ್ಟು ಹೆಚ್ಚಿದ್ದರೂ ಒಳಗೆ ಬಿಡುವುದು ಕ್ಯಾಲ್ಸಿಯಂ ಅನ್ನು. ಅಷ್ಟು ಇಕ್ಕಟ್ಟಿನಲ್ಲಿ, ಅಷ್ಟು ವೇಗದಲ್ಲಿ ಇಷ್ಟು ನಿಖರವಾಗಿ ಆರಿಸಿಕೊಳ್ಳುವ ಈ ಪ್ರೋಟೀನಿನ ಬಗ್ಗೆ ಓದುವಾಗಲೆಲ್ಲ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇದನ್ನು ಮನುಷ್ಯ ಕಂಡುಕೊಂಡ ದಾರಿ ಉದ್ದದ್ದು. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪಿನ ದ್ರಾವಣದಲ್ಲಿಟ್ಟು ಬಡಿಸುತ್ತಿದ್ದರು. ಸಹಾಯಕ ಶುದ್ಧ ಬಟ್ಟಿ ನೀರಿನ ಬದಲು ನಲ್ಲಿಯ ನೀರಿನಿಂದ ದ್ರಾವಣ ಮಾಡಿಟ್ಟಿದ್ದಾಗ ಹೃದಯ ಚೆನ್ನಾಗಿ ಬಡಿಯಿತು. ಬಟ್ಟಿ ನೀರಿನದ್ದಾದಾಗ ಸೋತು ನಿಂತಿತು. ನಲ್ಲಿಯ ನೀರಿನಲ್ಲಿದ್ದ ಕ್ಯಾಲ್ಸಿಯಂ ಇದಕ್ಕೆ ಕಾರಣವೆಂದು ರಿಂಗರ್ 1883ರಲ್ಲಿ ಬರೆದರು. 1953ರಲ್ಲಿ ಪಾಲ್ ಫ್ಯಾಟ್ ಮತ್ತು ಬರ್ನಾರ್ಡ್ ಕಾಟ್ಜ್ ಏಡಿಯ ಸ್ನಾಯುವಿನಲ್ಲಿ ಒಂದು ವಿಚಿತ್ರ ಕಂಡರು. ಸೋಡಿಯಂ ಇಲ್ಲದಿದ್ದರೆ ವಿದ್ಯುತ್ ಸ್ಪಂದನ ಇರಬಾರದು ಎಂಬುದು ಆ ಕಾಲದ ತಿಳಿವಳಿಕೆ. ಏಡಿಯ ಸ್ನಾಯು ಸೋಡಿಯಂ ತೆಗೆದರೂ ಸ್ಪಂದಿಸಿತು. ಐದು ವರ್ಷ ಕಳೆದು ಫ್ಯಾಟ್ ಮತ್ತು ಗಿನ್ಸ್‌ಬೋರ್ಗ್ ಆ ವಿದ್ಯುತ್ತನ್ನು ಹೊರುವುದು ಕ್ಯಾಲ್ಸಿಯಂ ಎಂದರು. ಕ್ಯಾಲ್ಸಿಯಂ ಕಿಂಡಿಯ ಮೊದಲ ಸುಳಿವು ಸಿಕ್ಕಿದ್ದು ನಮ್ಮ ಹೊಳೆಬದಿಯ ಏಡಿಯ ಬಳಗದಲ್ಲಿ.

ಹಾರ್ಮೋನಿಗೆ ಬರೋಣ. 1961ರಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ಡಗ್ಲಸ್ ಮತ್ತು ರೊನಾಲ್ಡ್ ರೂಬಿನ್ ಬೆಕ್ಕಿನ ಅಡ್ರಿನಲ್ ಗ್ರಂಥಿಯನ್ನು ತೆಗೆದುಕೊಂಡರು. ಮೂತ್ರಪಿಂಡದ ತಲೆಯ ಮೇಲೆ ಕೂತಿರುವ ಈ ಗ್ರಂಥಿಯ ಒಳತಿರುಳಿನಿಂದ ಅಡ್ರಿನಲಿನ್ ಬರುತ್ತದೆ. ನರದ ಸಂದೇಶವಾದ ಅಸಿಟೈಲ್ ಕೋಲಿನ್ ಕೊಟ್ಟರೆ ಗ್ರಂಥಿ ಅಡ್ರಿನಲಿನ್ ಸುರಿಸಬೇಕು. ಸುತ್ತಲಿನ ದ್ರವದಿಂದ ಕ್ಯಾಲ್ಸಿಯಂ ತೆಗೆದರೆ ಎಷ್ಟು ಕೊಟ್ಟರೂ ಗ್ರಂಥಿ ಸುಮ್ಮನಿತ್ತು. ಕ್ಯಾಲ್ಸಿಯಂ ಮರಳಿ ಹಾಕಿದರೆ ಸುರಿಸಿತು. ಸಂದೇಶ ಬರುವುದು ಒಂದು ಕೆಲಸ, ಹಾರ್ಮೋನು ಹೊರಬೀಳುವುದು ಇನ್ನೊಂದು ಕೆಲಸ, ಎರಡನ್ನೂ ಬೆಸೆಯುವುದು ಒಳನುಗ್ಗುವ ಕ್ಯಾಲ್ಸಿಯಂ ಎಂದು ಅವರು ಹೇಳಿದರು. ಐದು ವರ್ಷದ ಬಳಿಕ ಗೆರಾಲ್ಡ್ ಗ್ರಾಡ್‌ಸ್ಕಿ ಮತ್ತು ಲೆಸ್ಲಿ ಬೆನೆಟ್ ಇಲಿಯ ಮೇದೋಜೀರಕದಲ್ಲಿ ಇದೇ ಮಾತು ಇನ್ಸುಲಿನ್ನಿಗೂ ಸಲ್ಲುತ್ತದೆ ಎಂದು ತೋರಿಸಿದರು. ಮುಂದೆ ಜರ್ಮನಿಯ ಎರ್ವಿನ್ ನೇಯರ್ ಮತ್ತು ಬೆರ್ಟ್ ಸಾಕ್‌ಮನ್ ಗಾಜಿನ ಸಣ್ಣ ನಳಿಗೆಯ ಬಾಯಿಯನ್ನು ಕೋಶದ ಪೊರೆಗೆ ಅಂಟಿಸಿ ಒಂದೊಂದೇ ಕಿಂಡಿಯ ವಿದ್ಯುತ್ತನ್ನು ಅಳೆಯುವ ವಿಧಾನ ಕಂಡುಹಿಡಿದು 1991ರ ನೊಬೆಲ್ ಪಡೆದರು. ಕೋಶದ ಒಳಗೆ ಹಾರ್ಮೋನು ತುಂಬಿದ ಚೀಲಗಳು ಪೊರೆಗೆ ಬೆಸೆದು ಬಾಯಿ ತೆರೆಯುವ ಬಗೆಯನ್ನು ಬಿಡಿಸಿದ್ದಕ್ಕೆ 2013ರ ನೊಬೆಲ್ ಬಂದಿದೆ. ಅದನ್ನು ಹಂಚಿಕೊಂಡ ಮೂವರಲ್ಲಿ ಒಬ್ಬರಾದ ಥಾಮಸ್ ಸುಡಾಫ್ ಕ್ಯಾಲ್ಸಿಯಂ ಬಂದದ್ದನ್ನು ಗುರುತಿಸುವ ಪ್ರೋಟೀನಿನ ಬೆನ್ನು ಹತ್ತಿದವರು.

ಈಗ ನಮ್ಮ ಗುಳಿಗೆಗೆ ಹತ್ತಿರವಾದ ಜಾಗಕ್ಕೆ ಹೋಗೋಣ. ಮೇದೋಜೀರಕದಲ್ಲಿ ಸುಮಾರು ಹತ್ತು ಲಕ್ಷ ಸಣ್ಣ ಕೋಶಗುಂಪುಗಳಿವೆ. ಪೌಲ್ ಲಾಂಗರ್‌ಹಾನ್ಸ್ ಎಂಬ ವಿದ್ಯಾರ್ಥಿ 1869ರಲ್ಲಿ ಗುರುತಿಸಿದ ಅವುಗಳಲ್ಲಿ ಬೀಟಾ ಕೋಶಗಳು ಇನ್ಸುಲಿನ್ ಮಾಡುತ್ತವೆ. ಒಂದೊಂದು ಕೋಶದಲ್ಲಿ ಸುಮಾರು ಹತ್ತು ಸಾವಿರ ಚೀಲಗಳು, ಚೀಲದೊಳಗೆ ಸತುವಿನ ಜೊತೆ ಹರಳುಗಟ್ಟಿದ ಇನ್ಸುಲಿನ್. ತಕ್ಷಣ ಹೊರಬೀಳಲು ಪೊರೆಗೆ ತಾಗಿ ನಿಂತಿರುವುದು ನೂರರಲ್ಲಿ ಒಂದೆರಡು ಚೀಲ ಮಾತ್ರ.

ಬೀಟಾ ಕೋಶದ ಪೊರೆಯಲ್ಲಿ ಕ್ಯಾಲ್ಸಿಯಂ ಕಿಂಡಿಯ ಜೊತೆಗೆ ಪೊಟ್ಯಾಸಿಯಂ ಕಿಂಡಿಯೂ ಇದೆ. ಹೊಟ್ಟೆ ಖಾಲಿ ಇರುವಾಗ ಪೊಟ್ಯಾಸಿಯಂ ಕಿಂಡಿ ತೆರೆದಿರುತ್ತದೆ, ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ಕೋಶದ ಒಳಗೆ ಋಣ ಉಳಿಯುತ್ತದೆ, ಕ್ಯಾಲ್ಸಿಯಂ ಕಿಂಡಿ ಮುಚ್ಚಿರುತ್ತದೆ. ನೀವು ಕುಚ್ಚಲಕ್ಕಿ ಗಂಜಿ ಉಂಡಿರಿ ಎನ್ನಿ. ರಕ್ತದಲ್ಲಿ ಸಕ್ಕರೆ ಏರಿತು. ಆ ಸಕ್ಕರೆ ಬೀಟಾ ಕೋಶದೊಳಗೂ ಹೋಗಿ ಅಲ್ಲಿ ಉರಿದು ಎಟಿಪಿ ಎಂಬ ಶಕ್ತಿಯ ಅಣು ಆಗುತ್ತದೆ. ಎಟಿಪಿ ಹೆಚ್ಚಾದರೆ ಪೊಟ್ಯಾಸಿಯಂ ಕಿಂಡಿ ಮುಚ್ಚಿಕೊಳ್ಳುತ್ತದೆ. ಸೋರಿಕೆ ನಿಂತಿತು, ಋಣ ಕರಗಿತು, ಕ್ಯಾಲ್ಸಿಯಂ ಕಿಂಡಿ ತೆರೆಯಿತು, ಕ್ಯಾಲ್ಸಿಯಂ ನುಗ್ಗಿತು, ಚೀಲಗಳು ಬಾಯಿ ಬಿಟ್ಟವು. ಮೊದಲ ಐದು ಹತ್ತು ನಿಮಿಷದಲ್ಲಿ ಒಂದು ಜೋರಾದ ಅಲೆ, ಆಮೇಲೆ ನಿಧಾನವಾದ ಎರಡನೆಯ ಅಲೆ. ಟೈಪ್ 2 ಸಕ್ಕರೆ ಕಾಯಿಲೆಯಲ್ಲಿ ಮೊದಲು ಸೋಲುವುದು ಆ ಮೊದಲ ಅಲೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಬೇಕು. ಇನ್ಸುಲಿನ್ ಬಿಡುವ ಮೊದಲು ಬೀಟಾ ಕೋಶ ಊಟ ಆಯಿತೇ ಎಂದು ಕೇಳುತ್ತದೆ. ಬರೀ ಬಾಯಿಮಾತು ಸಾಲದು, ಸಕ್ಕರೆಯನ್ನು ತಾನೇ ಒಂದಿಷ್ಟು ಉರಿಸಿ ನೋಡುತ್ತದೆ. ಉತ್ತರ ಹೌದು ಎಂದಾದರೆ ಮಾತ್ರ ಕಿಂಡಿ ತೆರೆಯುತ್ತದೆ.

ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್, ಗ್ಲಿಪಿಜೈಡ್ ಇವೆಲ್ಲ ಸಲ್ಫೊನಿಲ್ ಯೂರಿಯ ಗುಂಪಿನ ಗುಳಿಗೆಗಳು. ಇವು ಹೋಗಿ ಪೊಟ್ಯಾಸಿಯಂ ಕಿಂಡಿಯನ್ನು ನೇರವಾಗಿ ಮುಚ್ಚುತ್ತವೆ. ಮುಂದಿನದೆಲ್ಲ ತಾನಾಗಿ ನಡೆಯುತ್ತದೆ. ಊಟ ಆಯಿತೇ ಎಂದು ಈ ಗುಳಿಗೆ ಕೇಳುವುದಿಲ್ಲ.

ಇದರ ಇತಿಹಾಸವೇ ನಮಗೆ ಎಚ್ಚರಿಕೆ ಹೇಳಬೇಕಿತ್ತು. ಯುದ್ಧಕಾಲದ 1942ರಲ್ಲಿ ಫ್ರಾನ್ಸಿನ ಮೋಂಪೆಲಿಯೇ ಊರಿನಲ್ಲಿ ಮಾರ್ಸೆಲ್ ಜಾನ್‌ಬೋನ್ ಎಂಬ ವೈದ್ಯರು ಟೈಫಾಯ್ಡ್ ರೋಗಿಗಳಿಗೆ ಹೊಸ ಸಲ್ಫಾ ಔಷಧವೊಂದನ್ನು ಕೊಟ್ಟರು. ಕೆಲವು ರೋಗಿಗಳಿಗೆ ಸೆಳೆತ ಬಂತು, ಪ್ರಜ್ಞೆ ತಪ್ಪಿತು, ಸಾವೂ ಆಯಿತು. ಪರೀಕ್ಷಿಸಿದರೆ ರಕ್ತದ ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಸರಿಯಾಗಿ ಊಟವಿಲ್ಲದ ದೇಹಕ್ಕೆ ಆ ಔಷಧ ಇನ್ಸುಲಿನ್ ಸುರಿಸಿತ್ತು. ಅದೇ ಊರಿನ ಓಗುಸ್ತ್ ಲೂಬತಿಯೇರ್ ನಾಯಿಗಳ ಮೇಲೆ ಪ್ರಯೋಗ ಮಾಡಿ, ಮೇದೋಜೀರಕ ತೆಗೆದ ನಾಯಿಯಲ್ಲಿ ಔಷಧಕ್ಕೆ ಯಾವ ಪರಿಣಾಮವೂ ಇಲ್ಲ, ಆದ್ದರಿಂದ ಅದು ಆ ಗ್ರಂಥಿಯನ್ನೇ ಚುರುಕುಗೊಳಿಸುತ್ತದೆ ಎಂದು ಸಾಬೀತುಪಡಿಸಿದರು. 1950ರ ದಶಕದಲ್ಲಿ ಈ ಗುಂಪಿನ ಗುಳಿಗೆಗಳು ಸಕ್ಕರೆ ಕಾಯಿಲೆಗೆ ಬಳಕೆಗೆ ಬಂದವು. ಅವು ಕೂರುವ ಜಾಗ ಪೊಟ್ಯಾಸಿಯಂ ಕಿಂಡಿ ಎಂದು ಗೊತ್ತಾದದ್ದು 1985ರ ಹೊತ್ತಿಗೆ. ನಡುವಿನ ಸುಮಾರು ಮೂರು ದಶಕ ಲೋಕ ಆ ಗುಳಿಗೆಯನ್ನು ಅದರ ದಾರಿ ತಿಳಿಯದೆ ನುಂಗಿತು.

ಗುಳಿಗೆಯನ್ನು ನಾನು ದೂರುತ್ತಿಲ್ಲ. ಅಗ್ಗದ್ದು, ಸಿಗುವಂಥದ್ದು, ಸಕ್ಕರೆ ಇಳಿಸುವಂಥದ್ದು. ನಮ್ಮಂಥ ಊರುಗಳಲ್ಲಿ ಎಷ್ಟೋ ಜನರ ಕಣ್ಣು ಮೂತ್ರಪಿಂಡಗಳನ್ನು ಉಳಿಸಿದೆ. ನಾನು ಕೇಳುವುದು ಇಷ್ಟೆ: ಗುಳಿಗೆ ಕೇಳದ ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕು.

ನಮ್ಮ ದಿನಚರಿ ನೋಡಿ. ಮಕರ ಸಂಕ್ರಮಣದ ಮಾರಣಕಟ್ಟೆ ಜಾತ್ರೆಗೆ ಹೆಮ್ಮಾಡಿಯ ಸೇವಂತಿಗೆ ಬೇಕು. ಆ ವಾರ ಬೆಳಕು ಹರಿಯುವ ಮೊದಲೇ ಹೂ ಕೊಯ್ಯಲು ಗದ್ದೆಗೆ ಇಳಿಯುವವರು ಇದ್ದಾರೆ. “ಗುಳಿಗೆ ತಕಂಡಾಯ್ತ್, ಗಂಜಿ ಆಮೇಲ್ ಉಣ್ತೆ” ಎಂಬ ಮಾತು ನಾವೆಲ್ಲ ಕೇಳಿದ್ದೇವೆ. ಗ್ಲಿಮೆಪಿರೈಡ್ ನುಂಗಿ ಗಂಜಿ ಮುಂದೂಡಿ ಬಗ್ಗಿ ಕೆಲಸ ಮಾಡಿದರೆ ಏನಾಗುತ್ತದೆ? ಕ್ಯಾಲ್ಸಿಯಂ ಕಿಂಡಿ ತೆರೆದಿದೆ, ಇನ್ಸುಲಿನ್ ಬರುತ್ತಿದೆ, ದುಡಿಯುವ ಸ್ನಾಯುಗಳೂ ಸಕ್ಕರೆ ಎಳೆದುಕೊಳ್ಳುತ್ತಿವೆ, ಹೊಟ್ಟೆಯಿಂದ ಏನೂ ಬರುತ್ತಿಲ್ಲ. ಏಕಾದಶಿ, ಸಂಕಷ್ಟಿ, ಶಿವರಾತ್ರಿಯ ಉಪವಾಸಕ್ಕೂ, ಗಂಗೊಳ್ಳಿಯ ನಮ್ಮ ಮುಸ್ಲಿಂ ಬಂಧುಗಳ ರಂಜಾನ್ ವ್ರತಕ್ಕೂ ಇದೇ ಲೆಕ್ಕ. ವ್ರತ ಬಿಡಬೇಕೆಂದು ನಾನು ಹೇಳುವುದಿಲ್ಲ. ವ್ರತಕ್ಕೆ ಮೊದಲು ವೈದ್ಯರ ಹತ್ತಿರ ಹೋಗಿ ಆ ದಿನದ ಗುಳಿಗೆಯ ಲೆಕ್ಕ ಕೇಳಿಕೊಳ್ಳಿ. ವಯಸ್ಸಾದವರಲ್ಲಿ, ಮೂತ್ರಪಿಂಡ ಸೋತವರಲ್ಲಿ ಈ ಗುಳಿಗೆಯ, ಅದರಲ್ಲೂ ಗ್ಲಿಬೆನ್‌ಕ್ಲಮೈಡಿನ ಪ್ರಭಾವ ಬೇಗ ಇಳಿಯುವುದಿಲ್ಲ. ಅಂಥವರಲ್ಲಿ ಅಪಾಯ ಇನ್ನೂ ಹೆಚ್ಚು.

ಸಕ್ಕರೆ ಇಳಿದಾಗ ಮೈ ಬೆವರುತ್ತದೆ, ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ನಡುಕ, ಎದೆಬಡಿತ ಅಡ್ರಿನಲಿನ್ ಮಾಡುವ ಕೆಲಸ. ಡಗ್ಲಸ್ ಬೆಕ್ಕಿನಲ್ಲಿ ನೋಡಿದ ಅದೇ ಗ್ರಂಥಿ ನಮ್ಮಲ್ಲೂ ಕ್ಯಾಲ್ಸಿಯಂ ಕಿಂಡಿ ತೆರೆದು ಅಡ್ರಿನಲಿನ್ ಸುರಿಸಿ ಪಿತ್ತಜನಕಾಂಗದಿಂದ ಸಕ್ಕರೆ ಬಿಡಿಸುತ್ತದೆ. ಒಂದು ಗ್ರಂಥಿಯ ಕಿಂಡಿ ತೆರೆದು ಆದ ತೊಂದರೆಯನ್ನು ಸರಿಪಡಿಸಲು ಇನ್ನೊಂದು ಗ್ರಂಥಿಯ ಕಿಂಡಿ ತೆರೆಯುತ್ತದೆ. ಬೀಟಾ ಬ್ಲಾಕರ್ ಗುಂಪಿನ ಬಿಪಿ ಗುಳಿಗೆ ತೆಗೆದುಕೊಳ್ಳುವವರಲ್ಲಿ ನಡುಕ, ಎದೆಬಡಿತ ಅಷ್ಟು ಕಾಣದೆ ಹೋಗಬಹುದು, ಬೆವರು ಕಾಣುತ್ತದೆ. ಆದ್ದರಿಂದ ಶುಗರಿನ ಗುಳಿಗೆ ತೆಗೆದುಕೊಳ್ಳುವವರು ಕಾರಣವಿಲ್ಲದೆ ತಣ್ಣಗೆ ಬೆವರಿದರೆ, ಮಾತು ತೊದಲಿದರೆ, ಇದ್ದಕ್ಕಿದ್ದಂತೆ ಸಿಟ್ಟಾದರೆ ಮೊದಲು ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಕೊಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಚೇತರಿಸಿಕೊಂಡರೂ ಊಟ ಮಾಡಿಸಿ ವೈದ್ಯರಿಗೆ ತೋರಿಸಲೇಬೇಕು, ಯಾಕೆಂದರೆ ಸಕ್ಕರೆ ಕರಗಿದ ಮೇಲೂ ಗುಳಿಗೆ ಮೈಯಲ್ಲಿ ಉಳಿದಿರುತ್ತದೆ, ಸಕ್ಕರೆ ಮತ್ತೆ ಇಳಿಯಬಹುದು.

ಎಲ್ಲ ಶುಗರ್ ಗುಳಿಗೆಗಳೂ ಹೀಗಲ್ಲ. ಮೆಟ್‌ಫಾರ್ಮಿನ್ ಈ ಕಿಂಡಿಗಳ ತಂಟೆಗೇ ಹೋಗುವುದಿಲ್ಲ. ಅದೊಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ಅಪಾಯಕ್ಕೆ ಇಳಿಯುವುದು ಅಪರೂಪ. ಹೆಸರಿನ ಕೊನೆಗೆ ಗ್ಲಿಪ್ಟಿನ್ ಎಂದಿರುವ ಗುಳಿಗೆಗಳು ಕರುಳಿನ ಒಂದು ಹಾರ್ಮೋನಿನ ಆಯುಷ್ಯ ಹೆಚ್ಚಿಸುತ್ತವೆ. ಆ ಹಾರ್ಮೋನು ಸಕ್ಕರೆ ಏರಿದಾಗ ಕೋಶ ಬಿಡುವ ಇನ್ಸುಲಿನ್ನನ್ನು ಹೆಚ್ಚಿಸುತ್ತದೆ, ಅಂದರೆ ಕೋಶದ ಪ್ರಶ್ನೆಯನ್ನು ಅದು ಗೌರವಿಸುತ್ತದೆ. ತೊಡಕಿರುವುದು ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಎರಡನ್ನೂ ಸೇರಿಸಿದ ಒಂದೇ ಗುಳಿಗೆಯಲ್ಲಿ. ನಮ್ಮಲ್ಲಿ ಅದು ತುಂಬ ಚಾಲ್ತಿಯಲ್ಲಿದೆ. ಎಷ್ಟೋ ಪಟ್ಟಿಗಳಲ್ಲಿ ಒಳಗಿನ ಔಷಧದ ಹೆಸರು ಓದಲು ಕಷ್ಟವಾಗುವಷ್ಟು ಸಣ್ಣಕ್ಷರದಲ್ಲಿ, ಅದೂ ಇಂಗ್ಲಿಷಿನಲ್ಲಿ. ಔಷಧದ ಹೆಸರು ಕನ್ನಡದಲ್ಲಿ, ಓದುವ ಗಾತ್ರದಲ್ಲಿ ಇರಬೇಕೆಂದು ನಾವು ಒತ್ತಾಯಿಸದಿರುವುದು ನಮ್ಮ ದೊಡ್ಡ ಕೊರತೆ.

ಇದೇ ಪೊಟ್ಯಾಸಿಯಂ ಕಿಂಡಿಯ ಜ್ಞಾನ ಕೆಲವು ಮಕ್ಕಳ ಬದುಕನ್ನೇ ತಿರುಗಿಸಿದ ಕಥೆ ಒಂದಿದೆ, ಅದನ್ನು ಹೇಳದೆ ನಾನು ಮುಂದೆ ಹೋಗಲಾರೆ. ಹುಟ್ಟಿದ ಆರು ತಿಂಗಳೊಳಗೆ ಕೆಲವು ಶಿಶುಗಳಿಗೆ ಸಕ್ಕರೆ ಕಾಯಿಲೆ ಬರುತ್ತದೆ. ಜೀವನಪೂರ್ತಿ ಇನ್ಸುಲಿನ್ ಚುಚ್ಚುವುದೊಂದೇ ದಾರಿ ಎಂದುಕೊಂಡಿದ್ದರು. 2004ರಲ್ಲಿ ಇಂಗ್ಲೆಂಡಿನ ಎಕ್ಸಿಟರಿನ ಆಂಡ್ರ್ಯೂ ಹ್ಯಾಟರ್ಸ್‌ಲಿ ಮತ್ತು ಅನ್ನಾ ಗ್ಲಾಯ್ನ್ ಅವರ ತಂಡ ಇಂಥ ಅನೇಕ ಮಕ್ಕಳಲ್ಲಿ ಆ ಕಿಂಡಿಯ ಜೀನು ದೋಷಗೊಂಡಿರುವುದನ್ನು ಕಂಡಿತು. ಅವರ ಪೊಟ್ಯಾಸಿಯಂ ಕಿಂಡಿ ಎಟಿಪಿಗೆ ಸರಿಯಾಗಿ ಮುಚ್ಚುವುದಿಲ್ಲ. ಆದ್ದರಿಂದ ಕ್ಯಾಲ್ಸಿಯಂ ಕಿಂಡಿ ತೆರೆಯುವುದಿಲ್ಲ. ಇನ್ಸುಲಿನ್ ತುಂಬಿದ ಚೀಲಗಳು ಒಳಗೇ ಕೂತಿವೆ, ಹೊರಬೀಳಲು ಅಪ್ಪಣೆ ಇಲ್ಲ. ಹಾಗಾದರೆ ಎಟಿಪಿಯ ಕೆಲಸವನ್ನು ಗ್ಲಿಬೆನ್‌ಕ್ಲಮೈಡ್ ಮಾಡಬಹುದಲ್ಲ? 2006ರಲ್ಲಿ ವರದಿಯಾದ ಅಧ್ಯಯನದಲ್ಲಿ 49 ಜನರಿಗೆ ಗುಳಿಗೆ ಕೊಟ್ಟು ನೋಡಿದರು; 44 ಜನ ಇನ್ಸುಲಿನ್ ಚುಚ್ಚುಮದ್ದು ಪೂರ್ತಿ ಬಿಟ್ಟರು. ದಿನಕ್ಕೆ ಹಲವು ಬಾರಿ ಸೂಜಿ ತಿನ್ನುತ್ತಿದ್ದ ಮಕ್ಕಳು ಗುಳಿಗೆಯಲ್ಲಿ ಬದುಕತೊಡಗಿದರು. ಇದಕ್ಕೆ ತಿರುಗುಮುರುಗಾಗಿ, ಆ ಕಿಂಡಿ ಸದಾ ಮುಚ್ಚಿಯೇ ಇರುವ ಶಿಶುಗಳೂ ಇವೆ. ಅವುಗಳ ಸಕ್ಕರೆ ಹುಟ್ಟಿದ ಗಳಿಗೆಯಿಂದ ಇಳಿಯುತ್ತಲೇ ಇರುತ್ತದೆ. ಕೆಲವಕ್ಕೆ ಕಿಂಡಿ ತೆರೆಸುವ ಡಯಾಜಾಕ್ಸೈಡ್ ಔಷಧ ಫಲ ಕೊಡುತ್ತದೆ. ಆರು ತಿಂಗಳೊಳಗೆ ಸಕ್ಕರೆ ಕಾಯಿಲೆ ಕಂಡ ಯಾವ ಮಗುವನ್ನೂ ಜೀನ್ ಪರೀಕ್ಷೆ ಮಾಡಿಸದೆ ಬಿಡಬಾರದು. ನಮ್ಮ ದೇಶದಲ್ಲಿ ಚೆನ್ನೈಯ ಮದ್ರಾಸ್ ಡಯಾಬಿಟೀಸ್ ರಿಸರ್ಚ್ ಫೌಂಡೇಶನ್ ಈ ಕೆಲಸದಲ್ಲಿ ತೊಡಗಿದೆ. ಆಶಾ ಕಾರ್ಯಕರ್ತೆಯರು ಇದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳಬೇಕೆಂದು ನಾನು ಕೈಮುಗಿದು ಕೇಳುತ್ತೇನೆ.

ಈ ವಿದ್ಯೆಯೆಲ್ಲ ಲಂಡನ್, ನ್ಯೂಯಾರ್ಕುಗಳದ್ದು ಎಂದು ಕಾಲೇಜಿನ ಮಕ್ಕಳು ತಿಳಿಯಬಾರದು. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ನ್ಯಾಷನಲ್ ಸೆಂಟರ್ ಫಾರ್ ಬಯಲಾಜಿಕಲ್ ಸೈನ್ಸಸ್ ಇದೆ. ಅಲ್ಲಿ ಗೈತಿ ಹಸನ್ ಎಂಬ ವಿಜ್ಞಾನಿ ದಶಕಗಳ ಕಾಲ ಕ್ಯಾಲ್ಸಿಯಂ ಬಗ್ಗೆ ಕೆಲಸ ಮಾಡಿದ್ದಾರೆ. ಅವರು ಆರಿಸಿಕೊಂಡ ಪ್ರಾಣಿ ಹಣ್ಣಾದ ಬಾಳೆಗೊನೆಗೆ ಮುತ್ತುವ ಸಣ್ಣ ನೊಣ, ಡ್ರೊಸೊಫಿಲಾ. ಅವರು ಅಧ್ಯಯನ ಮಾಡಿದ ಕಿಂಡಿ ಹೊರಪೊರೆಯದ್ದಲ್ಲ. ಕೋಶದ ಒಳಗೇ ಕ್ಯಾಲ್ಸಿಯಂ ಕೂಡಿಟ್ಟ ಒಂದು ಉಗ್ರಾಣ ಇರುತ್ತದೆ. ಅದರ ಗೋಡೆಯಲ್ಲಿ ಐಪಿ3 ಗ್ರಾಹಕ ಎಂಬ ಕಿಂಡಿ. ಹೊರಗಿನಿಂದ ಸಂದೇಶ ಬಂದಾಗ ಅದು ತೆರೆದು ಉಗ್ರಾಣದ ಕ್ಯಾಲ್ಸಿಯಂ ಬಿಡುತ್ತದೆ. ಉಗ್ರಾಣ ಖಾಲಿಯಾದರೆ ಸ್ಟಿಮ್ ಎಂಬ ಪ್ರೋಟೀನು ಅದನ್ನು ಗುರುತಿಸಿ, ಒರಾಯ್ ಎಂಬ ಹೊರಪೊರೆಯ ಕಿಂಡಿಯನ್ನು ತೆರೆಸಿ ಮತ್ತೆ ತುಂಬಿಸುತ್ತದೆ. ಮನುಷ್ಯರಲ್ಲಿ ಐಪಿ3 ಗ್ರಾಹಕದ ಜೀನುಗಳು ಮೂರು. ನೊಣದಲ್ಲಿ ಒಂದೇ. ಹಾಗಾಗಿ ಅದನ್ನು ಕೆಡಿಸಿ ಏನಾಗುತ್ತದೆ ಎಂದು ನೋಡುವುದು ಸುಲಭ. ಗೈತಿ ಹಸನ್ ಅಮೆರಿಕದಲ್ಲಿ ಮೈಕೆಲ್ ರೋಸ್‌ಬ್ಯಾಷ್ ಅವರ ಪ್ರಯೋಗಾಲಯದಲ್ಲಿದ್ದಾಗಲೇ ನೊಣದ ಆ ಜೀನನ್ನು ಗುರುತಿಸಿ 1992ರಲ್ಲಿ ಪ್ರಕಟಿಸಿದ್ದರು.

ಜೀನು ಕೆಟ್ಟ ನೊಣಗಳಿಗೆ ಹಾರಲು ಆಗಲಿಲ್ಲ. ರೆಕ್ಕೆ ಇದೆ, ಹಾರಾಟ ಇಲ್ಲ. ಕೆಟ್ಟ ಜೀನು ಮೈಯ ಎಲ್ಲ ಕೋಶಗಳಲ್ಲೂ ಇದೆ, ಹಾಗಾದರೆ ಯಾವ ಕೋಶದ ದೋಷದಿಂದ ಹಾರಾಟ ಹೋಯಿತು? 2010ರಲ್ಲಿ ಅವರ ತಂಡ ಪ್ರಕಟಿಸಿದ ಉತ್ತರ ಯಾರೂ ಊಹಿಸುವಂಥದ್ದಲ್ಲ. ನೊಣದ ಮಿದುಳಿನಲ್ಲಿ ಇನ್ಸುಲಿನ್ನಿನಂಥ ಹಾರ್ಮೋನು ಸ್ರವಿಸುವ ಬೆರಳೆಣಿಕೆಯ ನರಕೋಶಗಳಿವೆ. ನೊಣ ಇನ್ನೂ ಪ್ಯೂಪಾ ಅವಸ್ಥೆಯಲ್ಲಿರುವಾಗ ಅಷ್ಟು ಕೋಶಗಳಲ್ಲಿ ಮಾತ್ರ ಸರಿಯಾದ ಜೀನನ್ನು ಮರಳಿ ಇಟ್ಟರು. ಬೆಳೆದ ನೊಣ ಹಾರಿತು. ಅಷ್ಟೇ ಕೋಶಗಳಲ್ಲಿ ಸ್ಟಿಮ್ ಹೆಚ್ಚಿಸಿದರೂ ಹಾರಾಟ ಸುಧಾರಿಸಿತು. ಇನ್ನೂ ಆಶ್ಚರ್ಯದ ಮಾತು, ಸರಿಪಡಿಸದೆ ಬಿಟ್ಟ ಉಳಿದ ನರಕೋಶಗಳ ಕ್ಯಾಲ್ಸಿಯಂ ವ್ಯವಹಾರವೂ ಸರಿದಾರಿಗೆ ಬಂದಿತ್ತು. ಹಾರ್ಮೋನು ಸ್ರವಿಸುವ ಕೆಲವೇ ಕೋಶಗಳ ಕ್ಯಾಲ್ಸಿಯಂ ನೆಟ್ಟಗಿದ್ದರೆ ಅದರ ಫಲ ಮೈಯೆಲ್ಲ ಹರಡುತ್ತದೆ ಎಂದು ಬೆಂಗಳೂರಿನ ಪ್ರಯೋಗಾಲಯ ಲೋಕಕ್ಕೆ ತೋರಿಸಿತು. ಪಿಯುಸಿಯಲ್ಲಿ ಜೀವಶಾಸ್ತ್ರ ಓದುವ ಮಕ್ಕಳಿಗೆ ಈ ಹೆಸರು, ಈ ಕೆಲಸ ಗೊತ್ತಿರಬೇಕು.

ಉಳಿದ ಗ್ರಂಥಿಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮಗು ಎದೆಗೆ ಬಾಯಿ ಹಾಕಿದಾಗ ತಾಯಿಯ ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯಲ್ಲಿ ಕ್ಯಾಲ್ಸಿಯಂ ಕಿಂಡಿ ತೆರೆದು ಆಕ್ಸಿಟೋಸಿನ್ ಬರುತ್ತದೆ, ಹಾಲು ಇಳಿಯುತ್ತದೆ. ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿ ಮಾತ್ರ ಉಳಿದವಕ್ಕೆ ವಿರುದ್ಧ: ರಕ್ತದ ಕ್ಯಾಲ್ಸಿಯಂ ಏರಿದರೆ ಅದು ಹಾರ್ಮೋನು ನಿಲ್ಲಿಸುತ್ತದೆ, ಯಾಕೆಂದರೆ ಅದರ ಕೆಲಸವೇ ಕ್ಯಾಲ್ಸಿಯಂ ಏರಿಸುವುದು. ಅಡ್ರಿನಲ್ಲಿನ ಹೊರಪದರದ ಆಲ್ಡೊಸ್ಟೆರೋನ್ ಉಪ್ಪನ್ನು ಮೈಯಲ್ಲಿ ಹಿಡಿದಿಡುವ ಹಾರ್ಮೋನು. ಅಲ್ಲಿಯ ಒಂದು ಕ್ಯಾಲ್ಸಿಯಂ ಕಿಂಡಿಯ ಜೀನು ಕೆಟ್ಟು ಕಿಂಡಿ ಬೇಕಾಬಿಟ್ಟಿ ತೆರೆದರೆ ಗ್ರಂಥಿಯಲ್ಲಿ ಸಣ್ಣ ಗಡ್ಡೆ ಬೆಳೆದು ಬಿಪಿ ಏರುತ್ತದೆ ಎಂದು 2013ರಲ್ಲಿ ಎರಡು ತಂಡಗಳು ತೋರಿಸಿದವು. ಎಳೆಯ ವಯಸ್ಸಿನಲ್ಲೇ ಬಿಪಿ ಬಂದವರು, ಮೂರು ಗುಳಿಗೆಗೂ ಬಿಪಿ ಬಗ್ಗದವರು ಆಲ್ಡೊಸ್ಟೆರೋನ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಒಣಮೀನು, ಉಪ್ಪಿನಕಾಯಿಯ ಮೇಲೆ ಎಲ್ಲ ತಪ್ಪನ್ನೂ ಹೊರಿಸಿ ಕೂರಬಾರದು.

ಆಮ್ಲೋಡಿಪಿನ್ ರಕ್ತನಾಳದ ಕಿಂಡಿ ಮುಚ್ಚುವಾಗ ಬೀಟಾ ಕೋಶದ ಕಿಂಡಿಯನ್ನೂ ಮುಚ್ಚಿ ಶುಗರ್ ಹೆಚ್ಚಿಸುವುದಿಲ್ಲವೇ ಎಂದು ಒಬ್ಬ ವಿದ್ಯಾರ್ಥಿ ಕೇಳಬಹುದು. ಒಳ್ಳೆಯ ಪ್ರಶ್ನೆ. ಈ ಗುಂಪಿನ ಗುಳಿಗೆಯನ್ನು ವಿಪರೀತ ನುಂಗಿ ವಿಷವೇರಿದವರಲ್ಲಿ ಹಾಗೇ ಆಗುತ್ತದೆ, ಸಕ್ಕರೆ ತುಂಬ ಏರುತ್ತದೆ. ವೈದ್ಯರು ಬರೆದ ಪ್ರಮಾಣದಲ್ಲಿ ಆ ಭಯ ಬೇಡ. ಇದೇ ಗುಂಪಿನ ವೆರಪಮಿಲ್ ಟೈಪ್ 1 ಕಾಯಿಲೆ ಆಗತಾನೇ ಕಂಡ ಮಕ್ಕಳಲ್ಲಿ ಉಳಿದ ಬೀಟಾ ಕೋಶಗಳನ್ನು ಸ್ವಲ್ಪ ಮಟ್ಟಿಗೆ ಕಾಪಾಡುತ್ತದೆ ಎಂದು 2023ರಲ್ಲಿ ಅಮೆರಿಕದ ಅಧ್ಯಯನವೊಂದು ವರದಿ ಮಾಡಿದೆ. ಕಿಂಡಿ ಸದಾ ತೆರೆದಿದ್ದರೆ ಕೋಶ ದಣಿದು ಸಾಯುತ್ತದೆ, ಸ್ವಲ್ಪ ಮುಚ್ಚಿದರೆ ಉಸಿರಾಡಿಕೊಳ್ಳುತ್ತದೆ ಎಂಬ ದಿಕ್ಕಿನಲ್ಲಿ ಈಗ ಯೋಚನೆ ಸಾಗಿದೆ. ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ: ಕ್ಯಾಲ್ಸಿಯಂ ತಡೆಯುವ ಬಿಪಿ ಗುಳಿಗೆ ನುಂಗಿದರೆ ಮೂಳೆ ಸವೆಯುತ್ತದೆ, ಹಾಲು ಕುಡಿದರೂ ಹತ್ತುವುದಿಲ್ಲ ಎಂದು. ಆ ಗುಳಿಗೆ ತಡೆಯುವುದು ಕೋಶದ ಕಿಂಡಿಯನ್ನು. ಹಾಲು, ರಾಗಿ, ಮೀನಿನ ಕ್ಯಾಲ್ಸಿಯಂ ಕರುಳಿನಿಂದ ಮೈಗೆ ಸೇರುವುದನ್ನು ಅದು ತಡೆಯುವುದಿಲ್ಲ. ಈ ಭಯದಿಂದ ಯಾರೂ ಬಿಪಿ ಗುಳಿಗೆ ಬಿಡಬೇಡಿ.

ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಮನೆಯಲ್ಲಿ ಹಿರಿಯರು ನುಂಗುವ ಶುಗರ್ ಗುಳಿಗೆಯ ಪಟ್ಟಿಯನ್ನು ತಿರುಗಿಸಿ, ಓದುವ ಮಕ್ಕಳಿಂದ ಒಳಗಿನ ಔಷಧದ ಹೆಸರನ್ನು ಓದಿಸಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್, ಗ್ಲಿಪಿಜೈಡ್ ಇವುಗಳಲ್ಲಿ ಯಾವುದಾದರೂ ಇದ್ದರೆ ಆ ಹೆಸರನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದು ಔಷಧದ ಡಬ್ಬಿಗೆ ಅಂಟಿಸಿ, ಅದರ ಕೆಳಗೆ “ಊಟ ಎದುರಿಗೆ ಬಂದ ಮೇಲೆ ಮಾತ್ರ” ಎಂದು ಬರೆಯಿರಿ. ಗದ್ದೆಗೆ, ದೋಣಿಗೆ, ರಾತ್ರಿಯ ಯಕ್ಷಗಾನದ ಆಟಕ್ಕೆ ಹೋಗುವಾಗ ಅಂಗಿಯ ಕಿಸೆಯಲ್ಲಿ ಒಂದು ಪೊಟ್ಟಣ ಸಕ್ಕರೆ ಇರಲಿ.